ಘಟ್ಟದ ಮೇಲೆ ಕಡಲು ಕಟ್ಟುವ ಲೆಕ್ಕ

ತಟ್ಟೆಯಂತೆ ಚಪ್ಪಟೆಯಾದ ತೊರಕೆ (ಸ್ಟಿಂಗ್‌ರೇ) ಮೀನು ಹೊಟ್ಟೆಯನ್ನು ಗಾಜಿಗೆ ಒತ್ತಿಕೊಂಡು ಮೇಲೇರಿದಾಗ ಅದರ ಬಿಳಿ ತಳದಲ್ಲಿ ಎರಡು ಪುಟ್ಟ ಕಣ್ಣು, ಅದರ ಕೆಳಗೆ ನಗುವ ಬಾಯಿ ಇದ್ದಂತೆ ಕಾಣುತ್ತದೆ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ವಸ್ತುಪ್ರದರ್ಶನದ ಮೈದಾನಕ್ಕೆ ಗಾಜಿನ ತೊಟ್ಟಿಗಳ ಮೀನಿನ ಸುರಂಗ ಬಂದಾಗ ಮಕ್ಕಳು ಕೂಗಿ ತೋರಿಸುವುದು ಇದನ್ನೇ: ‘ಅಪ್ಪಾ, ನಗ್ತಾ ಇದೆ ನೋಡು!’ ಕಣ್ಣಿನಂತೆ ಕಾಣುವವು ಮೂಗಿನ ಹೊಳ್ಳೆಗಳು. ನಿಜವಾದ ಕಣ್ಣುಗಳು ಬೆನ್ನಿನ ಮೇಲಿರುತ್ತವೆ. ಬಾಯಿ ಇರುವುದೇ ಆ ಆಕಾರದಲ್ಲಿ, ಸತ್ತ ತೊರಕೆಯೂ ನಗುತ್ತಲೇ ಇರುತ್ತದೆ. ಮರಳಿನಲ್ಲಿ ಮೈ ಹೂತು ಕೂರಬೇಕಾದ ಪ್ರಾಣಿ ಮತ್ತೆ ಮತ್ತೆ ಗೋಡೆ ಹತ್ತಿ ಮೂತಿಯನ್ನು ನೀರಿನಿಂದ ಹೊರಗೆ ಚಾಚುತ್ತಿದ್ದರೆ ಅದಕ್ಕೆ ಎರಡು ಕಾರಣ ಇರಬಹುದು. ಊಟ ಹಾಕುವವರ ಕೈ ಗುರುತು ಸಿಕ್ಕಿರಬಹುದು, ಇಲ್ಲವೇ ತೊಟ್ಟಿ ಒಗ್ಗದೆ ಹೋಗಿರಬಹುದು.

ಟಿಕೆಟ್ ಕೊಟ್ಟು ಒಳಗೆ ಬಂದ ದೊಡ್ಡವರಿಗೆ ಕಸಿವಿಸಿ ಶುರುವಾಗುವುದು ಇಲ್ಲೇ. ಹಾಸನದಿಂದ ಮಂಗಳೂರು ಸುಮಾರು 170 ಕಿಲೋಮೀಟರ್, ನಡುವೆ ಶಿರಾಡಿ ಘಾಟಿ. ಕಡಲನ್ನೇ ಕಾಣದ ಮಗುವಿಗೆ ಈ ಗಾಜಿನ ಹಿಂದಿನ ನೀರೇ ಮೊದಲ ಕಡಲು. ಮಗುವಿನ ಖುಷಿಯೂ ಸುಳ್ಳಲ್ಲ, ಅಪ್ಪನ ಕಸಿವಿಸಿಯೂ ಸುಳ್ಳಲ್ಲ. ‘ಮೀನು ಸಾಕೋದು ಸರೀನಾ ತಪ್ಪಾ’ ಅಂತ ಇದನ್ನು ಬಾಯಿಮಾತಿನಲ್ಲಿ ಬಗೆಹರಿಸಲು ಹೊರಟರೆ ಮುಗಿಯುವ ಜಗಳವಲ್ಲ. ಉಪ್ಪು, ಆಮ್ಲಜನಕ, ಅಮೋನಿಯಾ, ಕರೆಂಟು ಅಂತ ಲೆಕ್ಕಕ್ಕೆ ಇಳಿದರೆ ಮಾತ್ರ ಯಾವ ಮೀನಿಗೆ ಯಾವ ಉತ್ತರ ಅನ್ನುವುದು ತಿಳಿಯಾಗುತ್ತಾ ಹೋಗುತ್ತದೆ.

ಮೊದಲು ಉಪ್ಪು

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಲೆಕ್ಕದ ಪ್ರಕಾರ 255 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನೀರು 200 ಲೀಟರ್. ಇದಕ್ಕೆ 7 ಕೆಜಿ ಉಪ್ಪು ಬೇಕು. ಮಾರುಕಟ್ಟೆಯ ಸಮುದ್ರ ಉಪ್ಪಿನ ಪುಡಿಯಲ್ಲಿ ಒಂದಿಷ್ಟು ತೇವಾಂಶ ಇರುವುದರಿಂದ ಏಳೂವರೆ ಕೆಜಿವರೆಗೂ ಹಿಡಿಯುತ್ತದೆ. ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿದರೆ ತಿಂಗಳಿಗೆ ಮತ್ತೆ 3 ಕೆಜಿ.

ಅಡುಗೆ ಉಪ್ಪು ನಡೆಯುವುದಿಲ್ಲ. ಅದು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಷಿಯಂ, 400 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಜೊತೆಗೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಕುಸಿಯದಂತೆ ಹಿಡಿದಿಡುವ ಬೈಕಾರ್ಬೊನೇಟ್ ಇದೆ. ಇವಿಲ್ಲದ ಉಪ್ಪು ನೀರಿನಲ್ಲಿ ಮೀನು ಕೆಲವು ದಿನ ಬದುಕಿದರೂ ಏಡಿ, ಸೀಗಡಿ, ಕಡಲ ಹೂವು (ಹೂವಿನಂತೆ ಕಾಣುವ ಪ್ರಾಣಿ, ಸೀ ಅನಿಮೋನ್) ಬದುಕುವುದಿಲ್ಲ.

ಇನ್ನೊಂದು ತಪ್ಪು ಬಹಳ ಸಾಮಾನ್ಯ. ತೊಟ್ಟಿಯಿಂದ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 200 ಲೀಟರಿನಲ್ಲಿ 10 ಲೀಟರ್ ಆರಿಹೋದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು ಸುಮಾರು 37ಕ್ಕೆ ಏರುತ್ತದೆ. ಕಡಿಮೆಯಾದ ಜಾಗಕ್ಕೆ ಮತ್ತೆ ಉಪ್ಪು ನೀರನ್ನೇ ಸುರಿಯುವವರು ವಾರದಿಂದ ವಾರಕ್ಕೆ ಉಪ್ಪಿನಕಾಯಿ ಹಾಕುತ್ತಿರುತ್ತಾರೆ. ಆರಿದ ನೀರಿನ ಜಾಗಕ್ಕೆ ಸಿಹಿ ನೀರು, ತೆಗೆದ ನೀರಿನ ಜಾಗಕ್ಕೆ ಉಪ್ಪು ನೀರು.

ಸಿಹಿ ನೀರು ಅಂದ ಕೂಡಲೇ ನಮ್ಮ ಎರಡು ಜಿಲ್ಲೆಯವರಿಗೆ ಇನ್ನೊಂದು ತೊಡಕಿದೆ. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರು ಗಡಸು, ಆರ್‌ಒ ಇಲ್ಲದೆ ತೊಟ್ಟಿಗೆ ಹಾಕುವಂತಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಹಳ್ಳದ ನೀರು ಮೆದು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟರೆ ಅಂಕಿ ನೋಡಿ ಸಂತೋಷವಾಗುತ್ತದೆ. ಆದರೆ ತೋಟದ ನೀರಿನಲ್ಲಿ ಆ ಮೀಟರಿಗೆ ಸಿಗದ ಒಂದು ಶತ್ರು ಇರಬಹುದು: ತಾಮ್ರ. ಅಡಿಕೆ ಕೊಳೆಗೆ, ಮೆಣಸಿನ ಸೊರಗಿಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ 1 ಕೆಜಿ ಮೈಲುತುತ್ತ ಇರುತ್ತದೆ. ಮೈಲುತುತ್ತದ ನಾಲ್ಕನೇ ಒಂದು ಭಾಗ ತಾಮ್ರ. ಅಂದರೆ ಒಂದು ಮಿಲಿಲೀಟರ್ ದ್ರಾವಣದಲ್ಲಿ ಎರಡೂವರೆ ಮಿಲಿಗ್ರಾಂ. ದ್ರಾವಣ ಕಲಸಿದ ಬಕೆಟ್ಟನ್ನು ಅರೆಬರೆ ತೊಳೆದು ಅದರಲ್ಲೇ 10 ಲೀಟರ್ ತೊಟ್ಟಿಯ ನೀರು ಹಿಡಿದರೆ, ಅಂಚಿನಲ್ಲಿ ಉಳಿದ ಒಂದು ಮಿಲಿಲೀಟರ್ ಸಾಕು, ಲೀಟರಿಗೆ ಕಾಲು ಮಿಲಿಗ್ರಾಂ ತಾಮ್ರ ಸೇರುತ್ತದೆ. ಮೀನಿನ ಮೈಮೇಲಿನ ಪರೋಪಜೀವಿಯನ್ನು ಕೊಲ್ಲಲು ಔಷಧಿಯಾಗಿ ಹಾಕುವ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಸೀಗಡಿ, ಬಸವನಹುಳು, ಹವಳಕ್ಕೆ ಅದು ವಿಷ. ತೊಟ್ಟಿಗೆ ಬೇರೆಯದೇ ಬಕೆಟ್, ಬೇರೆಯದೇ ಮಗ್ ಇಡುವುದು ಮಡಿ ಮಾಡಿದಂತೆ ಕಂಡರೂ ಕಾರಣ ಇದು.

ಎತ್ತರಕ್ಕೆ ತೆರಬೇಕಾದ ಸುಂಕ

ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಚಿಕ್ಕಮಗಳೂರು ಸುಮಾರು 1,090. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರಹತ್ತಿರ ಶೇ. 11 ಕಡಿಮೆ. ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಉಪ್ಪು ನೀರಿಗೆ ಆಮ್ಲಜನಕ ಹಿಡಿಯುವ ಶಕ್ತಿ ಮೊದಲೇ ಕಮ್ಮಿ. 25 ಡಿಗ್ರಿಯಲ್ಲಿ, ಸಮುದ್ರಮಟ್ಟದಲ್ಲಿ, ಸಿಹಿ ನೀರು ಲೀಟರಿಗೆ 8.2 ಮಿಲಿಗ್ರಾಂ ಹಿಡಿದರೆ ಕಡಲ ನೀರು ಹಿಡಿಯುವುದು 6.7. ಅದನ್ನು ಚಿಕ್ಕಮಗಳೂರಿಗೆ ಹತ್ತಿಸಿದರೆ 6ರ ಆಸುಪಾಸು. ಏಪ್ರಿಲ್ ಸೆಕೆಗೆ ನೀರು 28 ಡಿಗ್ರಿ ಆದರೆ 6ಕ್ಕಿಂತ ಕೆಳಗೆ.

ಮಂಗಳೂರಿನ ಗೆಳೆಯರ ತೊಟ್ಟಿಯಲ್ಲಿ ಹತ್ತು ಮೀನು ಆರಾಮಾಗಿವೆ ಅಂತ ಇಲ್ಲೂ ಹತ್ತು ಬಿಡುವವರು ಎಡವುವುದು ಈ ಅಂಕಿಯಲ್ಲಿ. ಅದೇ ಗಾತ್ರದ ತೊಟ್ಟಿಗೆ ಇಲ್ಲಿ ಮೀನು ಕಡಿಮೆ, ಮೇಲ್ಮೈ ಕಲಕುವ ಪಂಪು ಜಾಸ್ತಿ. ಗುಳ್ಳೆ ಬಿಡುವ ಯಂತ್ರಕ್ಕಿಂತ ನೀರಿನ ಮೇಲ್ಮೈ ಸುಕ್ಕುಗಟ್ಟುವಂತೆ ತಿರುಗಿಸಿಟ್ಟ ಪಂಪಿನಿಂದ ಹೆಚ್ಚು ಪ್ರಯೋಜನ. ಆಮ್ಲಜನಕ ಒಳಗೆ ಬರುವ ಬಾಗಿಲು ಮುಖ್ಯವಾಗಿ ಆ ಮೇಲ್ಮೈಯೇ.

ಚಳಿಗೂ ಲೆಕ್ಕ ಬೇಕು. ಹವಳದ ದಿಬ್ಬಗಳ ಮೀನಿಗೆ 24ರಿಂದ 26 ಡಿಗ್ರಿ ಬೇಕು. ಜುಲೈ ಮಳೆಯಲ್ಲಾಗಲಿ, ಡಿಸೆಂಬರ್ ರಾತ್ರಿಯಲ್ಲಾಗಲಿ ಮನೆಯೊಳಗಿನ ನೀರು ತಾನಾಗಿ ಅಷ್ಟರಲ್ಲಿ ನಿಲ್ಲುವುದಿಲ್ಲ. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ 200 ಲೀಟರಿಗೆ 200 ವ್ಯಾಟ್ ಹೀಟರ್ ಬೇಕು. 100 ವ್ಯಾಟಿನವು ಎರಡು ಹಾಕಿದರೆ ಇನ್ನೂ ಒಳ್ಳೆಯದು, ಒಂದು ಸಿಕ್ಕಿಹಾಕಿಕೊಂಡು ಉರಿಯುತ್ತಲೇ ಇದ್ದರೂ ಮೀನು ಬೆಂದುಹೋಗುವುದಿಲ್ಲ.

ಇನ್ನು ಕರೆಂಟು. ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋದರೆ ಮಲೆನಾಡಿನಲ್ಲಿ ಅದು ಗಂಟೆಗಳ ಮಾತಲ್ಲ, ಕೆಲವು ಸಲ ದಿನಗಳ ಮಾತು. ಮನೆಯ ಇನ್ವರ್ಟರಿನ 150 ಆಂಪಿಯರ್ ಅವರ್ ಬ್ಯಾಟರಿಯ ಅರ್ಧ ಶಕ್ತಿಯನ್ನು ಮಾತ್ರ ಬಳಸಿದರೂ 20 ವ್ಯಾಟಿನ ಪಂಪು 40 ಗಂಟೆ ಮೀರಿ ಓಡುತ್ತದೆ. ಹೀಟರನ್ನು ಅದಕ್ಕೆ ಹಾಕಬಾರದು, ನಾಲ್ಕೈದು ಗಂಟೆಗೆ ಅಷ್ಟನ್ನೂ ಕುಡಿದುಬಿಡುತ್ತದೆ. ತೊಟ್ಟಿಗೆ ಕಂಬಳಿ ಸುತ್ತಿ. ನೀರು ನಿಧಾನಕ್ಕೆ ತಣ್ಣಗಾದರೆ ಮೀನು ತಡೆಯುತ್ತದೆ, ಉಸಿರು ನಿಂತರೆ ತಡೆಯುವುದಿಲ್ಲ. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಇದ್ದರೆ ಇನ್ನೊಂದು ಎಚ್ಚರ. ಹರಿವು ನಿಂತು ಕೆಲವು ಗಂಟೆಗಳಾದರೆ ಅದರೊಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುತ್ತವೆ. ಕರೆಂಟು ಬಂದ ಕೂಡಲೇ ಆ ಕೊಳೆತ ನೀರು ನೇರ ತೊಟ್ಟಿಗೆ ನುಗ್ಗುತ್ತದೆ. ಕತ್ತಲಲ್ಲಿ ಬದುಕುಳಿದ ಮೀನು ಬೆಳಕು ಬಂದ ಮೇಲೆ ಸಾಯುವುದು ಹೀಗೆ. ಫಿಲ್ಟರಿನ ಹಳೇ ನೀರು ಚೆಲ್ಲಿ, ತೊಟ್ಟಿಯದೇ ನೀರಿನಲ್ಲಿ ಒಮ್ಮೆ ಜಾಲಿಸಿ, ಆಮೇಲೆ ಸ್ವಿಚ್ ಹಾಕಬೇಕು.

ಡೇರೆ ಕೀಳುವ ಹೊತ್ತಿಗೆ ಪಕ್ವವಾಗುವ ನೀರು

ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಬಿಡುತ್ತದೆ. ಹೊಳೆಯಲ್ಲಿ, ಕಡಲಲ್ಲಿ ಅದು ಕೊಚ್ಚಿಹೋಗುತ್ತದೆ, ತೊಟ್ಟಿಯಲ್ಲಿ ಎಲ್ಲಿಗೂ ಹೋಗುವುದಿಲ್ಲ. ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನ ವಿಷ ಕಡಿಮೆ, ವಾರದ ನೀರು ಬದಲಾವಣೆಯಲ್ಲಿ ಅದು ಹೋಗುತ್ತದೆ. ಈ ಎರಡು ತಂಡ ಸಾಕಷ್ಟು ಬೆಳೆದು ನೆಲೆಯೂರಲು 4ರಿಂದ 6 ವಾರ ಬೇಕು. ಮಳೆಗಾಲದಲ್ಲಿ ಮಲೆನಾಡಿನ ದೋಸೆ ಹಿಟ್ಟು ಹುದುಗಲು ತಡಮಾಡುವ ಹಾಗೆ, ನೀರು ತಣ್ಣಗಿದ್ದರೆ ಇದೂ ತಡ.

ಮನೆಯಲ್ಲಿ ಮಾಡುವುದಾದರೆ ಕ್ರಮ ಇಷ್ಟೇ. ಉಪ್ಪು ನೀರು ತುಂಬಿ, ಪಂಪು, ಹೀಟರ್ ಓಡಿಸಿ, ಒಂದು ಹಸಿ ಸೀಗಡಿ ಹಾಕಿ ಕೊಳೆಯಲು ಬಿಡಬೇಕು. ವಾರದ ಮೇಲೆ ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಏರುವುದು ಕಾಣುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿಯುತ್ತದೆ. ಎರಡೂ ಸೊನ್ನೆಯಾಗಿ, ಮತ್ತೊಂದು ಸಲ ಅಮೋನಿಯಾ ಬಿದ್ದರೂ 24 ಗಂಟೆಯಲ್ಲಿ ಸೊನ್ನೆಗೆ ಬಂದರೆ ತೊಟ್ಟಿ ತಯಾರು. ಆಗಲೂ ಒಂದೋ ಎರಡೋ ಮೀನು, ಹತ್ತಲ್ಲ. ಭಾನುವಾರ ತೊಟ್ಟಿ ತಂದು ಸೋಮವಾರ ಮೀನು ಬಿಟ್ಟವರ ಮನೆಯಲ್ಲಿ ಎರಡನೇ ವಾರ ಸಾವು ಶುರುವಾಗುತ್ತದೆ. ಆಗ ದೂರು ‘ಅಂಗಡಿಯವನು ರೋಗದ ಮೀನು ಕೊಟ್ಟ’ ಅಂತ.

ಸಿಹಿನೀರಿಗಿಂತ ಕಡಲ ತೊಟ್ಟಿಯಲ್ಲಿ ಅಮೋನಿಯಾ ಭಯಂಕರ. ಅದಕ್ಕೂ ಕಾರಣವಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ಸಾಧು, ಒಂದು ವಿಷ. ಪಿಎಚ್ 7ರಲ್ಲಿ ವಿಷದ ಪಾಲು ಶೇ. 1ಕ್ಕೂ ಕಡಿಮೆ. ಕಡಲ ನೀರಿನ ಪಿಎಚ್ 8.2 ಹತ್ತಿರ, ಅಲ್ಲಿ ವಿಷದ ಪಾಲು ಹತ್ತು ಪಟ್ಟಿಗೂ ಮೇಲೇರುತ್ತದೆ.

ಈಗ ಮೈದಾನದ ಸುರಂಗಕ್ಕೆ ಬನ್ನಿ. ಇಂಥ ಪ್ರದರ್ಶನ ಒಂದು ಊರಿನಲ್ಲಿ ನಿಲ್ಲುವುದು ತಿಂಗಳೋ ಎರಡು ತಿಂಗಳೋ. ತೊಟ್ಟಿಯ ನೀರು ಹದಕ್ಕೆ ಬರುವ ಹೊತ್ತಿಗೆ ಡೇರೆ ಕಿತ್ತಾಗಿರುತ್ತದೆ. ಫಿಲ್ಟರಿನ ಸ್ಪಂಜು, ಉಂಗುರಗಳನ್ನು ತೇವ ಆರದಂತೆ, ಗಾಳಿ ಆಡುವಂತೆ ಸಾಗಿಸಿ ಮುಂದಿನ ಊರಿನಲ್ಲಿ ಅದನ್ನೇ ಜೋಡಿಸುವ ನಿರ್ವಾಹಕರೂ ಇರಬಹುದು. ಹಾಗೆ ಮಾಡದಿದ್ದರೆ ಪ್ರತಿ ಊರಿನಲ್ಲೂ ಮೀನೇ ಹೊಸ ನೀರನ್ನು ಪಕ್ವ ಮಾಡಬೇಕು, ಕಿವಿರು ಸುಟ್ಟುಕೊಂಡು. ಅಲೆಮಾರಿ ಪ್ರದರ್ಶನಗಳ ಬಗ್ಗೆ ಮುಖ್ಯ ತಕರಾರು ಇದು. ತೊಟ್ಟಿ ಚಿಕ್ಕದು ಅನ್ನುವುದು ಅದರ ನಂತರದ ಮಾತು.

ಆ ಸುರಂಗದಲ್ಲಿ ಇರುವುದು ಸಾಮಾನ್ಯವಾಗಿ ಕಡಲೇ ಅಲ್ಲ ಅನ್ನುವುದನ್ನೂ ಹೇಳಬೇಕು. ಒಂದು ಲಕ್ಷ ಲೀಟರ್ ಕಡಲ ನೀರು ಮಾಡಲು ಮೂರೂವರೆ ಟನ್ ಉಪ್ಪು ಬೇಕು, ಊರು ಬಿಡುವಾಗ ಅದನ್ನು ಚೆಲ್ಲಬೇಕು. ಹಾಗಾಗಿ ದೊಡ್ಡ ತೊಟ್ಟಿಯಲ್ಲಿ ಹೆಚ್ಚಾಗಿ ಅಮೆಜಾನ್ ಹೊಳೆಯ ಅರಪೈಮಾ, ಕೆಂಪು ಬಾಲದ ಕ್ಯಾಟ್‌ಫಿಶ್, ಪಾಕು, ಸಿಹಿನೀರಿನ ತೊರಕೆ ಇರುತ್ತವೆ. ಕಡಲ ಮೀನು ಪಕ್ಕದ ಚಿಕ್ಕ ಗಾಜಿನ ಡಬ್ಬಿಗಳಲ್ಲಿ. ಮೇಲೆ ಬೋರ್ಡು ಮಾತ್ರ ಸಮುದ್ರದಾಳ. ಅರಪೈಮಾ ಎರಡು ಮೀಟರ್ ದಾಟಿ ಬೆಳೆಯುವ ಮೀನು, ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ಅದು ಬಾಯಿ ತೆರೆದರೆ ಗಾಬರಿಯಾಗಬೇಕಿಲ್ಲ, ಅದರ ಉಸಿರಾಟವೇ ಹಾಗೆ. ಉಳಿದ ಮೀನುಗಳೆಲ್ಲ ಮೇಲ್ಮೈಯಲ್ಲಿ ಸಾಲುಗಟ್ಟಿ ಬಾಯಿ ಬಡಿಯುತ್ತಿದ್ದರೆ ಆಗ ಗಾಬರಿಪಡಬಹುದು.

ಚೀಲದೊಳಗಿನ ಪಯಣ

ಮೀನು ಬರುವುದು ಪ್ಲಾಸ್ಟಿಕ್ ಚೀಲದಲ್ಲಿ. ಮೂರನೇ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ, ಹೊರಗೆ ಥರ್ಮೊಕೋಲ್ ಪೆಟ್ಟಿಗೆ. ಚೆನ್ನೈ, ಕೋಲ್ಕತ್ತ ಕಡೆಯಿಂದ ಬೆಂಗಳೂರಿಗೆ, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ನಮ್ಮ ಊರಿಗೆ. ಚೀಲದೊಳಗೆ ಅಮೋನಿಯಾ ಏರುತ್ತಿರುತ್ತದೆ. ಅದರ ಜೊತೆಗೇ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಕರಗಿ ಪಿಎಚ್ ಇಳಿಯುತ್ತದೆ. ಪಿಎಚ್ ಇಳಿದಷ್ಟು ಅಮೋನಿಯಾ ಸಾಧು ರೂಪದಲ್ಲಿರುತ್ತದೆ, ಮೀನು ಬದುಕಿ ಬರುವುದು ಅದರಿಂದಲೇ. ಚೀಲ ಬಿಚ್ಚಿದ ಕ್ಷಣ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಜಿಗಿಯುತ್ತದೆ, ಅಷ್ಟೂ ಅಮೋನಿಯಾ ವಿಷವಾಗುತ್ತದೆ. ‘ಚೀಲ ಬಿಚ್ಚಿ, ತೊಟ್ಟಿಯ ನೀರನ್ನು ಹನಿಹನಿಯಾಗಿ ಎರಡು ಗಂಟೆ ಬಿಡಿ’ ಅನ್ನುವ ಹಳೇ ಸಲಹೆ ದೂರದಿಂದ ಬಂದ ಮೀನಿಗೆ ಮಾರಕವಾಗುವುದು ಇದಕ್ಕೇ. ಮುಚ್ಚಿದ ಚೀಲವನ್ನು 15–20 ನಿಮಿಷ ನೀರಿನಲ್ಲಿ ತೇಲಿಸಿ ಬಿಸಿ ಸಮ ಮಾಡಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಕ್ವಾರಂಟೈನ್ ತೊಟ್ಟಿಗೆ ಸೇರಿಸಬೇಕು. ಚೀಲದ ನೀರನ್ನು ಸುರಿಯಬಾರದು. ಆ ತೊಟ್ಟಿಯ ಉಪ್ಪಿನ ಪ್ರಮಾಣ ಅಂಗಡಿಯ ನೀರಿಗೆ ಮೊದಲೇ ಸಮ ಇರಬೇಕು. ಉಪ್ಪು ಉಳಿಸಲು, ಪರೋಪಜೀವಿ ತಡೆಯಲು ಅಂಗಡಿಗಳು ಉಪ್ಪನ್ನು ಕಡಿಮೆ ಇಟ್ಟಿರುವುದುಂಟು. ಕೊಳ್ಳುವಾಗಲೇ ಸಾಂದ್ರತೆ ಎಷ್ಟು ಅಂತ ಕೇಳಿ. ಆಮೇಲೆ ದಿನಕ್ಕಿಷ್ಟು ಅಂತ ಕಡಲ ನೀರಿನ ಸಾಂದ್ರತೆಯಾದ 1.025ಕ್ಕೆ ಏರಿಸಿ. ನಾಲ್ಕು ವಾರ ಅಲ್ಲೇ ಇರಲಿ. ಬಿಳಿ ಚುಕ್ಕೆ ರೋಗ ಮುಖ್ಯ ತೊಟ್ಟಿಗೆ ಹೊಕ್ಕರೆ ಮೀನನ್ನೆಲ್ಲ ತೆಗೆದು ಎರಡೂವರೆ ತಿಂಗಳು ಖಾಲಿ ಬಿಡಬೇಕಾಗುತ್ತದೆ.

ಯಾವ ಮೀನು, ಎಲ್ಲಿಂದ ಬಂದದ್ದು

ನನ್ನ ಮಟ್ಟಿಗೆ ಕಸಿವಿಸಿಯ ಬೇರು ಇಲ್ಲಿದೆ. ಗೋಲ್ಡ್‌ಫಿಶ್, ಗಪ್ಪಿ, ಏಂಜೆಲ್‌ನಂಥ ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಚೆನ್ನೈನ ಕೊಳತ್ತೂರು ಸುತ್ತಮುತ್ತ ಇದೇ ಕಸುಬು. ಕಡಲ ಮೀನಿನ ಕಥೆ ತಿರುಗುಮುರುಗು, ಬಹುಪಾಲು ಹವಳದ ದಿಬ್ಬದಿಂದ ಹಿಡಿದು ತಂದವು. 1960ರ ದಶಕದಲ್ಲಿ ಫಿಲಿಪೈನ್ಸ್‌ನಲ್ಲಿ ಶುರುವಾದ ಒಂದು ಪದ್ಧತಿ ಇದಕ್ಕೆ ಕೆಟ್ಟ ಹೆಸರು ತಂದಿದೆ. ಸೋಡಿಯಂ ಸಯನೈಡ್ ಕರಗಿಸಿದ ನೀರನ್ನು ಬಾಟಲಿಯಿಂದ ಹವಳದ ಸಂದಿಗೆ ಪಿಚಕಾರಿ ಹೊಡೆದು, ಮಂಪರಾದ ಮೀನನ್ನು ಹೆಕ್ಕುವುದು. ಮೀನು ಅಂಗಡಿಯಲ್ಲಿ ಗೆಲುವಾಗಿ ಕಂಡು, ಮನೆಯಲ್ಲಿ ಕೆಲವು ವಾರದಲ್ಲಿ ಸಾಯಬಹುದು. ಅಲ್ಲಿನ ಹವಳವೂ ಬಿಳುಚಿ ಸಾಯುತ್ತದೆ.

ಕಾರ್ಟೂನಿನಿಂದ ಮಕ್ಕಳಿಗೆಲ್ಲ ಗೊತ್ತಾದ ಕಿತ್ತಳೆ ಪಟ್ಟೆಯ ಕ್ಲೌನ್ ಮೀನನ್ನೂ ನೀಲಿ ಟ್ಯಾಂಗನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ಲೌನ್ ಜೋಡಿ ಕಲ್ಲಿಗೆ ಮೊಟ್ಟೆ ಅಂಟಿಸಿ ಕಾವಲು ಕೂರುತ್ತದೆ, ವಾರದಲ್ಲಿ ಮರಿ ಒಡೆಯುತ್ತದೆ, ರೋಟಿಫರ್ ಅನ್ನುವ ಸೂಕ್ಷ್ಮಜೀವಿ ತಿನ್ನಿಸಿದರೆ ಎರಡು ವಾರದಲ್ಲಿ ಪಟ್ಟೆ ಮೂಡುತ್ತದೆ. ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಈ ಮೀನನ್ನು ಮರಿ ಮಾಡಿಸುವ ವಿಧಾನ ಬೆಳೆಸಿ ಕಲಿಸುತ್ತಿದೆ. ಕಡಲಲ್ಲೂ ಕ್ಲೌನ್ ಮೀನು ತನ್ನ ಕಡಲ ಹೂವನ್ನು ಬಿಟ್ಟು ಕೆಲವು ಮೀಟರ್ ಆಚೆ ಹೋಗುವುದಿಲ್ಲ. ಸಾಕಣೆಯಲ್ಲಿ ಹುಟ್ಟಿದ ಜೋಡಿಗೆ 4 ಅಡಿ ತೊಟ್ಟಿ ಅಂಥ ಸೆರೆಯಲ್ಲ. ಸರಿಯಾಗಿ ನೋಡಿಕೊಂಡರೆ 20 ವರ್ಷ ಬದುಕಿದ್ದೂ ಇದೆ. ನಾಯಿಗಿಂತ ದೀರ್ಘ ಜವಾಬ್ದಾರಿ ಅನ್ನುವುದನ್ನು ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ.

ನೀಲಿ ಟ್ಯಾಂಗ್ ಹಾಗಲ್ಲ. ಅದರ ಮೊಟ್ಟೆ ತೆರೆದ ನೀರಿನಲ್ಲಿ ತೇಲುತ್ತದೆ, ಮರಿ ವಾರಗಟ್ಟಲೆ ತೇಲಾಡುತ್ತಲೇ ಬೆಳೆಯುತ್ತದೆ. ತೊಟ್ಟಿಯಲ್ಲಿ ಅದನ್ನು ಮೊದಲ ಸಲ ಬೆಳೆಸಿದ್ದು 2016ರಲ್ಲಿ, ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ಈಗಲೂ ಅಂಗಡಿಗೆ ಬರುವವು ಹೆಚ್ಚಾಗಿ ಹಿಡಿದು ತಂದವೇ. ದಿನವಿಡೀ ಈಜುತ್ತಾ ಪಾಚಿ ಮೇಯುವ, ಒಂದಡಿವರೆಗೆ ಬೆಳೆಯುವ ಮೀನದು. ಅದನ್ನು 4 ಅಡಿ ಗಾಜಿಗೆ ಹಾಕುವುದು ಎತ್ತನ್ನು ಕೋಳಿಗೂಡಿಗೆ ಕಟ್ಟಿದ ಹಾಗೆ.

ಕಡಲ ಕುದುರೆಯಂತೂ ಬೇಡವೇ ಬೇಡ. ಅದಕ್ಕೆ ಜಠರವಿಲ್ಲ, ದಿನಕ್ಕೆ ಹಲವು ಸಲ ಪುಟ್ಟ ಸೀಗಡಿ ಸಿಗದಿದ್ದರೆ ಹಸಿದು ಸಾಯುತ್ತದೆ. ಜೊತೆಗೆ ಅದು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ. ಕಡಲ ಕುದುರೆ, ಕಡಲ ಸೌತೆ ಎಂಬ ಪ್ರಾಣಿ (ಸೀ ಕುಕಂಬರ್), ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಲಾಗಿದೆ. ಕಡಲ ತೀರದಲ್ಲಿ ಮಾರುವ ಹವಳದ ತುಂಡು ಶೋಕೇಸಿಗೆ ತಂದರೂ ಅಪರಾಧವೇ. ಅರಪೈಮಾ, ಏಷ್ಯನ್ ಅರೋವಾನದಂಥ, ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಪಟ್ಟಿಯ (ಸೈಟಿಸ್) ಮೀನು ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಪ್ರದರ್ಶನದ ನಿರ್ವಾಹಕರನ್ನು ‘ನೋಂದಣಿ ಇದೆಯಾ’ ಅಂತ ಕೇಳುವ ಹಕ್ಕು ಟಿಕೆಟ್ ಕೊಂಡವರಿಗಿದೆ.

ನಮ್ಮ ಘಟ್ಟವೂ ಈ ವ್ಯಾಪಾರದಿಂದ ಹೊರಗಿಲ್ಲ. ‘ಮಿಸ್ ಕೇರಳ’ ಹೆಸರಿನ ಕೆಂಪು ಗೆರೆಯ ಮೀನು ಪಶ್ಚಿಮ ಘಟ್ಟದ ಹೊಳೆಗಳದ್ದು. ಅಲಂಕಾರಕ್ಕೆಂದು ಬಲೆ ಹಾಕಿ ಹಿಡಿದು ಹಿಡಿದು ಅಳಿವಿನಂಚಿನ ಪಟ್ಟಿಗೆ ಸೇರಿತು.

ದೊಡ್ಡವು

ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಭಾರತದಲ್ಲಿ 2013ರಿಂದ ಅನುಮತಿ ಇಲ್ಲ. ಶಬ್ದದಿಂದಲೇ ಜಗತ್ತು ನೋಡುವ ಪ್ರಾಣಿಗೆ ಕಾಂಕ್ರೀಟ್ ಗೋಡೆಗಳ ನಡುವಿನ ಬಾಳು ಪ್ರತಿಧ್ವನಿಯ ಬಾಳು. ಅದರ ಬಗ್ಗೆ ಹೆಚ್ಚು ಚರ್ಚೆ ಉಳಿದಿಲ್ಲ.

ಚರ್ಚೆ ಇರುವುದು ಶಾರ್ಕ್‌ಗಳ ಬಗ್ಗೆ. ಬಿಳಿ ಶಾರ್ಕ್ ಮುಂದಕ್ಕೆ ಈಜುತ್ತಲೇ ಬಾಯಿಂದ ಕಿವಿರಿಗೆ ನೀರು ಹಾಯಿಸಿಕೊಳ್ಳುತ್ತದೆ, ನಿಂತರೆ ಉಸಿರಿಲ್ಲ. ಗೋಡೆ ಅನ್ನುವುದು ಅದರ ಅನುಭವದಲ್ಲೇ ಇಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಮತ್ಸ್ಯಾಲಯ ಒಂದು ಮರಿಯನ್ನು 198 ದಿನ ಇಟ್ಟು ಕಡಲಿಗೆ ಬಿಟ್ಟಿತು. ಅದಕ್ಕಿಂತ ಹೆಚ್ಚು ದಿನ ಅಲ್ಲಿ ಇನ್ಯಾವುದೂ ಉಳಿಯಲಿಲ್ಲ. ಜಪಾನಿನ ಒಕಿನಾವಾದ ಚುರಾವುಮಿ ಮತ್ಸ್ಯಾಲಯದ ಮುಖ್ಯ ತೊಟ್ಟಿ 7,500 ಘನ ಮೀಟರ್, ಅದರ ಅಕ್ರಿಲಿಕ್ ಗೋಡೆಯೇ 60 ಸೆಂಟಿಮೀಟರ್ ದಪ್ಪ. 2016ರಲ್ಲಿ ಅಲ್ಲಿಗೆ ತಂದ ದೊಡ್ಡ ಬಿಳಿ ಶಾರ್ಕ್ ಮೂರು ದಿನಕ್ಕೆ ಸತ್ತಿತು. ದುಡ್ಡು, ಜ್ಞಾನ ಎರಡೂ ಇದ್ದವರ ಸ್ಥಿತಿ ಇದು.

ಇನ್ನೊಂದು ಬದಿಯೂ ಇದೆ. ಇಂಡೊನೇಷ್ಯಾದ ರಾಜಾ ಅಂಪಾತ್ ದ್ವೀಪಗಳಲ್ಲಿ ಹೆಚ್ಚುಕಡಿಮೆ ಕಾಣೆಯಾಗಿದ್ದ ಜೀಬ್ರಾ ಶಾರ್ಕನ್ನು ಮತ್ತೆ ನೆಲೆಗೊಳಿಸಲು ಈಗ ಮರಿ ಬಿಡುತ್ತಿದ್ದಾರೆ. ಮೊಟ್ಟೆ ಬಂದದ್ದು ಮತ್ಸ್ಯಾಲಯಗಳಲ್ಲಿ ಬೆಳೆದ ಶಾರ್ಕ್‌ಗಳಿಂದ. ಜೀಬ್ರಾ ಶಾರ್ಕ್ ತಳದಲ್ಲಿ ಮಲಗಿ ವಿಶ್ರಮಿಸುವ ಜಾತಿ, ತೊಟ್ಟಿಯಲ್ಲಿ ಒಗ್ಗಿ ಮೊಟ್ಟೆಯಿಡುತ್ತದೆ. ಅದೇ ‘ಉಳಿಸಲು ಹಿಡಿಯೋಣ’ ಅನ್ನುವ ಉಪಾಯ 2017ರಲ್ಲಿ ಮೆಕ್ಸಿಕೊದ ವಕೀಟಾ ಹಂದಿಮೀನಿನ (ಡಾಲ್ಫಿನ್ನಿನ ಪುಟ್ಟ ಬಂಧು) ವಿಷಯದಲ್ಲಿ ಕೈಕೊಟ್ಟಿತು. ಹಿಡಿದ ಹೆಣ್ಣು ಗಾಬರಿಗೇ ಸತ್ತಿತು, ಯೋಜನೆ ನಿಂತಿತು. ಉದ್ದೇಶ ಒಂದೇ ಇತ್ತು, ಪ್ರಾಣಿಯ ದೇಹ ಬೇರೆ.

ಒಳಗೆ ಹೋದರೆ ಏನು ನೋಡಬೇಕು

ಹೋಗಬೇಡಿ ಅನ್ನುವುದು ಸುಲಭ. ಹೋಗುವವರು ಕಣ್ಣು ತೆರೆದು ಹೋದರೆ ಹೆಚ್ಚು ಉಪಯೋಗ. ಮೊದಲು ಕಿವಿರು ನೋಡಿ, ಸುಮ್ಮನೆ ನಿಂತ ಮೀನು ಓಡಿಬಂದವರಂತೆ ಏದುಸಿರು ಬಿಡುತ್ತಿದ್ದರೆ ನೀರು ಕೆಟ್ಟಿದೆ. ಮೂತಿ ನೋಡಿ, ಗಾಜಿಗೆ ಉಜ್ಜಿ ಉಜ್ಜಿ ಬೆಳ್ಳಗಾದ ಗಾಯ ಇದ್ದರೆ ತೊಟ್ಟಿ ಚಿಕ್ಕದು. ಒಂದೇ ಮೂಲೆಯಲ್ಲಿ ಒಂದೇ ಸುತ್ತು ಹಾಕುವ ಮೀನನ್ನು ಎರಡು ನಿಮಿಷ ಎಣಿಸಿ. ಅಡಗಲು ಕಲ್ಲು, ಪೊಟರೆ ಇಲ್ಲದ ಬರಿಗಾಜಿನ ತೊಟ್ಟಿ ನೋಡುವವರ ಅನುಕೂಲಕ್ಕೆ ಮಾಡಿದ್ದು. ಕಣ್ಣು ಕೋರೈಸುವ ಗುಲಾಬಿ, ಹಸಿರು ಬಣ್ಣದ ಗ್ಲಾಸ್ ಮೀನು, ಮೈಮೇಲೆ ಹೃದಯದ ಚಿತ್ರ ಇರುವ ಪ್ಯಾರಟ್ ಮೀನು ಕಂಡರೆ ಅವು ಸೂಜಿಯಿಂದಲೋ ಲೇಸರಿನಿಂದಲೋ ಬಣ್ಣ ಹಾಕಿಸಿಕೊಂಡವು ಅಂತ ತಿಳಿಯಿರಿ. ಚಿಪ್ಪಿಗೆ ಪೇಂಟ್ ಬಳಿದ ಸನ್ಯಾಸಿ ಏಡಿಯೂ ಅದೇ ಸಾಲಿನದು. ಗಾಜು ತಟ್ಟಬೇಡಿ ಅನ್ನುವುದಕ್ಕೂ ಕಾರಣ ಇದೆ: ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಹೋಗುತ್ತದೆ, ಮೀನಿಗೆ ಅದು ಕಿವಿಗಷ್ಟೇ ಅಲ್ಲ, ನೀರಿನ ಅಲುಗಾಟ ಗ್ರಹಿಸುವ ಮೈಯ ಪಕ್ಕದ ಗೆರೆಗೂ ತಾಗುತ್ತದೆ.

ಮೀನಿಗೆ ನೋವಾಗುತ್ತದಾ ಅಂತ ಕೇಳುವವರಿಗೆ: 2003ರಲ್ಲಿ ಟ್ರೌಟ್ ಮೀನಿನ ಮುಖ, ತಲೆಯಲ್ಲಿ ನೋವು ಗ್ರಹಿಸುವ ನರತುದಿಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನು ಅದನ್ನು ತಳದ ಕಲ್ಲಿಗೆ ಉಜ್ಜುತ್ತಿತ್ತು. ಊಟ ಬಿಟ್ಟಿತ್ತು.

ಮನೆಯಲ್ಲಿ ಸಾಕಿ ಸಾಕಾದ ಮೀನನ್ನು ಯಗಚಿಗೋ ಹೇಮಾವತಿಗೋ ಬಿಡುವುದು ಪುಣ್ಯವಲ್ಲ. ತೊಟ್ಟಿ ಗಾಜಿನ ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ಹೀಗೆ ಬಿಟ್ಟೇ ರಾಜ್ಯದ ಕೆರೆಗಳನ್ನು ಹೊಕ್ಕಿದೆ. ತಂದ ಅಂಗಡಿಗೋ ಸಾಕುವ ಇನ್ನೊಬ್ಬರಿಗೋ ಕೊಡಿ. ಕಡಲ ತೊಟ್ಟಿಯ ಹಳೇ ನೀರನ್ನು ಕಾಫಿ ಗಿಡದ ಬುಡಕ್ಕೂ ಚೆಲ್ಲಬೇಡಿ, 20 ಲೀಟರಿನಲ್ಲಿ 700 ಗ್ರಾಂ ಉಪ್ಪಿದೆ.

ತೊಟ್ಟಿ ಇಲ್ಲದೆ ನೋಡುವುದು

ಈ ಸೀಮೆಯವರಿಗೆ ಮೀನು ನೋಡಲು ಗಾಜು ಬೇಕೇ ಬೇಕು ಅಂತಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ ಇಳಿದರೆ ಮೊಣಕೈ ಉದ್ದದ, ಅದಕ್ಕೂ ದೊಡ್ಡ ಮಹಶೀರ್ ಮೀನುಗಳು ಕಾಲ ಹತ್ತಿರ ಬರುತ್ತವೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲೂ ಹಾಗೆಯೇ. ದೇವರ ಮೀನು ಅಂತ ಯಾರೂ ಹಿಡಿಯುವುದಿಲ್ಲ. ಬೇಲಿ ಇಲ್ಲ, ಬೇಡ ಅನ್ನಿಸಿದ ಮೀನು ನಡುಹೊಳೆಗೆ ಹೋಗಬಹುದು. ಹೋಗುವ ಸ್ವಾತಂತ್ರ್ಯವಿದ್ದೂ ಬರುವ ಮೀನನ್ನು ನೋಡುವಾಗ ಸುರಂಗದಲ್ಲಿ ಆದ ಕಸಿವಿಸಿ ಆಗುವುದಿಲ್ಲ. ಮಂಡಕ್ಕಿ ಹಾಕಿಯೇ ಹಾಕುತ್ತೀರಿ, ಒಂದು ಹಿಡಿ ಸಾಕು. ಬಿಸ್ಕತ್ತು, ಬ್ರೆಡ್ಡು, ಪ್ಲಾಸ್ಟಿಕ್ ಕವರು ಬೇಡ.

ಕಡಲನ್ನೇ ತೋರಿಸಬೇಕೆಂದರೆ ಅಕ್ಟೋಬರ್‌ನಿಂದ ಮೇ ಒಳಗೆ ಒಂದು ದಿನ ಘಾಟಿ ಇಳಿಯಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು. ಉಬ್ಬರವಿಳಿತದ ವೇಳಾಪಟ್ಟಿ ನೋಡಿಕೊಂಡು, ನೀರು ಪೂರ್ತಿ ಇಳಿಯುವ ಒಂದು ಗಂಟೆ ಮೊದಲು ಉಳ್ಳಾಲದ ಹತ್ತಿರದ ಸೋಮೇಶ್ವರದಂಥ ಬಂಡೆಗಳಿರುವ ತೀರ ತಲುಪಬೇಕು. ಮರಳಿನ ಬೀಚಿನಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಬಂಡೆಯ ಕುಳಿಗಳಲ್ಲಿ ನಿಂತ ನೀರೇ ನೈಜ ತೊಟ್ಟಿ. ಕುಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನೆರಳು ನೀರಿಗೆ ಬೀಳದಂತೆ ಐದು ನಿಮಿಷ ಅಲುಗಾಡದೆ ಇದ್ದರೆ, ಕಲ್ಲು ಅಂದುಕೊಂಡಿದ್ದು ಸನ್ಯಾಸಿ ಏಡಿಯಾಗಿ ನಡೆಯುತ್ತದೆ, ಪಾಚಿಯ ಬಣ್ಣದ ಗೋಬಿ ಮೀನು ರೆಕ್ಕೆಯೂರಿ ಕುಪ್ಪಳಿಸುತ್ತದೆ, ಮುದುಡಿದ ಜೆಲ್ಲಿಯಂಥ ಉಂಡೆ ಬಿಚ್ಚಿ ಕಡಲ ಹೂವಾಗುತ್ತದೆ. ರಬ್ಬರ್ ಚಪ್ಪಲಿ ಹಾಕಿ, ಬಂಡೆಯ ಮೇಲಿನ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಬೆನ್ನನ್ನು ಕಡಲಿಗೆ ತಿರುಗಿಸಿ ಕೂರಬೇಡಿ. ಬಾಟಲಿಯಲ್ಲಿ ಏನನ್ನೂ ತುಂಬಿಕೊಂಡು ಬರಬೇಡಿ, ಗುಂಡ್ಯ ದಾಟುವಷ್ಟರಲ್ಲಿ ಅದು ಸತ್ತಿರುತ್ತದೆ. ಕಲ್ಲು ಮಗುಚಿ ನೋಡಿದರೆ ಇದ್ದ ಹಾಗೇ, ಅದೇ ಮಗ್ಗುಲಿಗೆ ವಾಪಸ್ ಇಡಿ. ಅಡಿಯಲ್ಲಿ ಅಂಟಿಕೊಂಡ ಜೀವಗಳಿಗೆ ಬಿಸಿಲು ತಾಗಬಾರದು.